ನಾಲ್ಕನೇ ಜ್ವರದಲ್ಲಿ ಕಡಲ ದಾರಿ

ತೊಂಬತ್ತರ ದಶಕದ ನಡುಭಾಗ. ನಮ್ಮವರು ವಾರಕ್ಕೆ ಎರಡು ಸಲ ತೆರಕಣಾಂಬಿ ಮಾರ್ಕೆಟ್ಟಿನಿಂದ ಟೊಮೆಟೊ, ಬೀನ್ಸು, ಎಲೆಕೋಸು ತುಂಬಿಕೊಂಡು ಕಲ್ಲಿಕೋಟೆಗೆ ಟೆಂಪೊ ಓಡಿಸುತ್ತಿದ್ದ ಕಾಲ. ಅವರು ವಾಪಸು ಬಂದು ಕೈಕಾಲು ತೊಳೆಯುವ ಮೊದಲೇ ನಮ್ಮ ಅತ್ತೆ ಜಗುಲಿಗೆ ಬಂದು ನಿಲ್ಲುತ್ತಿದ್ದರು.

“ಇವತ್ತಾದ್ರೂ ಸಮುದ್ರ ನೋಡ್ದಾ ಮಗ?”

“ಮಾರ್ಕೆಟ್ ನೋಡ್ದೆ ಕಣವ್ವ. ಲೋಡ್ ಇಳಿಸ್ದೆ, ಬಂದೆ.”

“ಅಷ್ಟ್ ದೂರ ಓಗಿ ನೋಡ್ದೆ ಬಂದ್ಯಾ? ನಿನ್ ಕಣ್ಣಿಗೇನ್ ಬಂದಿತ್ಲಾ?”

ಮದುವೆಯಾಗಿ ಆ ಮನೆಗೆ ಬಂದು ಎರಡು ವರ್ಷವಾಗುವಷ್ಟರಲ್ಲಿ ಈ ಮಾತು ನನಗೆ ಬಾಯಿಪಾಠವಾಗಿತ್ತು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬರತೊಡಗಿತು. ಐದಾರು ಗಂಟೆಯ ದಾರಿ. ಕಟ್ಟಿಕೊಂಡ ಗಂಡನೋ ಹೆತ್ತ ಮಗನೋ ಒಂದು ದಿನ ಕರೆದುಕೊಂಡು ಹೋಗಿ ತೋರಿಸಲು ಏನು ಧಾಡಿ? ನಾನು ಚಾಮರಾಜನಗರದ ಪೇಟೆಯವಳು, ಗುಮಾಸ್ತರ ಮಗಳು. ಮನಸ್ಸಿನಲ್ಲಿ ಬಂದದ್ದನ್ನು ಬಾಯಲ್ಲಿ ಆಡಿಬಿಡುವುದು ನನ್ನ ಹುಟ್ಟುಗುಣ. ಒಂದು ದಿನ ಮಾವನವರು ಊಟಕ್ಕೆ ಕೂತಾಗ ಸಾರು ಬಡಿಸುತ್ತಲೇ ಕೇಳಿಬಿಟ್ಟೆ. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. “ಉಳ ಬುಟ್ಟು ಎಂಗಮ್ಮಿ ಓಗದು?” ಅಂದರು, ಅಷ್ಟೇ.

ಹುಳು ಎಂದರೆ ರೇಷ್ಮೆ ಹುಳು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿದ್ದ ನಮ್ಮ ಊರಿನಲ್ಲಿ ಆಗ ನಾಲ್ಕು ಮನೆಗೊಂದು ಹುಳುಮನೆ ಇತ್ತು. ನಮ್ಮದು ಎರಡು ಕೋಣೆಯದು. ಒಂದು ಕೋಣೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವಾಗ ಇನ್ನೊಂದರಲ್ಲಿ ಮರಿ ತೆವಳುತ್ತಿರುತ್ತಿದ್ದವು. ಎರಡು ಬೆಳೆಯ ನಡುವೆ ಬಿಡುವು ಸಿಕ್ಕಿತೆಂದರೆ ಹುಳು ಸಾಕುವ ಬಿದಿರಿನ ತಟ್ಟೆ ತೊಳೆಯಬೇಕು, ಗೋಡೆಗೆ ಸುಣ್ಣ ಬಳಿಯಬೇಕು, ಅಷ್ಟರೊಳಗೆ ಹೊಸ ಮೊಟ್ಟೆ ಬಂದಿರುತ್ತಿತ್ತು. ತೋಟದಿಂದ ಸೊಪ್ಪು ತರಿಸುವುದು, ಗೂಡು ಮಾರುವುದು ಮಾವನವರ ಕೆಲಸ. ಒಳಗಿನದೆಲ್ಲ ಅತ್ತೆಯದು. ಮಾವ ಹುಳುಮನೆಯ ಹೊಸಿಲಲ್ಲಿ ಸೊಪ್ಪಿನ ಹೊರೆ ಇಳಿಸಿ ಹಿಂದಕ್ಕೆ ಸರಿಯುತ್ತಿದ್ದರು. ಬೀಡಿಯ ವಾಸನೆ ಹುಳುವಿಗೆ ವಿಷ, ಮಾವ ಸೇದುತ್ತಿದ್ದರಾದ್ದರಿಂದ ಅತ್ತೆ ಅವರನ್ನು ಒಳಗೆ ಬಿಟ್ಟುಕೊಳ್ಳುತ್ತಲೂ ಇರಲಿಲ್ಲ.

ಈ ಹುಳುಗಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವೆ. ಆಮೇಲೆ ಹಳೆಯ ಪೊರೆ ಕಳಚಿ ಏಳುತ್ತವೆ. ಇದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರ ಏಳುವ ಹೊತ್ತು ಬಹಳ ಸೂಕ್ಷ್ಮ. ಒಂದಷ್ಟು ಎದ್ದು ತಲೆ ಆಡಿಸಿದವೆಂದು ಕನಿಕರಪಟ್ಟು ಸೊಪ್ಪು ಹಾಕಿದಿರೋ, ಕೆಟ್ಟಿರಿ. ಎದ್ದವು ತಿಂದು ದಪ್ಪಗಾಗುತ್ತವೆ, ಮಲಗಿದವು ಸೊಪ್ಪಿನಡಿ ಸಿಕ್ಕಿ ಹಿಂದೆ ಬೀಳುತ್ತವೆ, ಇಡೀ ಬೆಳೆ ಏರುಪೇರಾಗುತ್ತದೆ. ಎಲ್ಲವೂ ಏಳುವ ತನಕ ಕಲ್ಲು ಮನಸ್ಸು ಮಾಡಿಕೊಂಡು ಕಾದು, ಆಮೇಲೆ ಒಟ್ಟಿಗೆ ಹಾಕಬೇಕು. ಆ ಗಳಿಗೆ ಯಾವುದೆಂದು ನಮ್ಮ ಮನೆಯಲ್ಲಿ ಗೊತ್ತಿದ್ದದ್ದು ಅತ್ತೆ ಒಬ್ಬರಿಗೇ. ಇದಕ್ಕಾಗಿಯೇ ಅವರು ಮೂವತ್ತು ವರ್ಷ ಯಾವ ಊರಿನಲ್ಲೂ ರಾತ್ರಿ ತಂಗಿದವರಲ್ಲ. ಸ್ವಂತ ತಂಗಿಯ ಮದುವೆಗೆ ಚಂದಕವಾಡಿಗೆ ಹೋಗಿ, ಧಾರೆ ಮುಗಿದದ್ದೇ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ್ದರಂತೆ.

ನಾನು ಮಾವನವರ ಹತ್ತಿರ ಕೇಳಿದ ಒಂದು ತಿಂಗಳಿಗೆ, ಚಳಿ ಜೋರಾಗಿದ್ದ ಒಂದು ಸಂಜೆ, ಅತ್ತೆ ಹುಳುಮನೆಯ ಬಾಗಿಲು ಮುಂದಕ್ಕೆಳೆದು ಬಂದು ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತರು. ಗುಟ್ಟಿನ ದನಿಯಲ್ಲಿ, “ನಾಕ್ನೇ ಜ್ವರಕ್ಕೆ ಕೂತ್ಕಂಡೊ ಕಣಮ್ಮಿ. ಆ ಕಡೆ ಕೋಣೆನೂ ಖಾಲಿ ಅದೆ. ಈ ಚಳಿಗೆ ನಾಳಿದ್ದು ಬೆಳಿಗ್ಗೆಗಂಟ ಏಳಲ್ಲ. ಬೆಳಗಿನ ಜಾವಕ್ಕೇ ಒಂಟ್ರೆ ನಾಳೆ ರಾತ್ರಿಗೆ ಬಂದ್ಬುಡ್ಬೋದಲ್ವಾ?” ಅಂದರು.

ಅವರು ಇದನ್ನು ಎಷ್ಟು ವರ್ಷದಿಂದ ಲೆಕ್ಕ ಹಾಕುತ್ತಿದ್ದರೋ ದೇವರೇ ಬಲ್ಲ. ನಾನು ಎದ್ದು ಹೋಗಿ ನಮ್ಮವರನ್ನು ಹಿಡಿದುಕೊಂಡೆ. ಅವರು ಗೆಳೆಯನ ಜೀಪು ಕೇಳಿ ತಂದರು. ಕಲ್ಲಿಕೋಟೆಗೆ ಇಳಿದು, ಅಲ್ಲಿಂದ ಕಡಲ ಪಕ್ಕದ ರಸ್ತೆ ಹಿಡಿದು ತಲಶ್ಶೇರಿಯ ತನಕ ಹೋಗುವುದು. ಅಲ್ಲಿ ಬಲಕ್ಕೆ ತಿರುಗಿ ಘಾಟಿ ಹತ್ತಿ, ಮಾನಂತವಾಡಿಯ ಮೇಲೆ ಮನೆಗೆ. ಹೀಗೆಂದು ತೀರ್ಮಾನವಾಯಿತು. ಮಾವ ಎಲ್ಲವನ್ನೂ ಕೇಳಿಸಿಕೊಂಡರು. ಬೇಡ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ.

ಅತ್ತೆ ಅವರಿಗೆ ಹೇಳಿದ್ದು ಒಂದೇ ಮಾತು. “ನೀವೇನೂ ಮಾಡ್ಬ್ಯಾಡಿ. ಬಾಗ್ಲು ತಗ್ದು ನೋಡ್ಲೂಬ್ಯಾಡಿ. ಅತ್ ಗಂಟೆಗೊಂದ್ಸಲ, ಎಲ್ಡ್ ಗಂಟೆಗೊಂದ್ಸಲ ಅಂಗ್ಡಿ ಫೋನ್ತವು ನಿಂತಿರಿ, ಮಾಡ್ತೀನಿ.” ಆಗ ನಮ್ಮೂರಿನಲ್ಲಿ ಫೋನು ಇದ್ದದ್ದು ಒಂದು ಕಿರಾಣಿ ಅಂಗಡಿಯಲ್ಲಿ ಮಾತ್ರ.

ಹೊರಟಾಗ ಇನ್ನೂ ನಕ್ಷತ್ರಗಳಿದ್ದವು. ಅತ್ತೆ ಆಗಲೇ ಮಿಂದು, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ನಾನು ಹಿಂದೆ, ಬುತ್ತಿಯ ಜೊತೆ. ಬುತ್ತಿಯೆಂದರೆ ಹುಳಿಯನ್ನ, ಮೊಸರನ್ನ, ಒಂದು ಡಬ್ಬ ಕಜ್ಜಾಯ, ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ನಮ್ಮ ಬಾವಿಯ ನೀರು. ಕೇರಳದಲ್ಲಿ ನೀರಿಗೂ ಮೀನಿನ ವಾಸನೆ ಇರುತ್ತದೆಂದು ಯಾರೋ ಅತ್ತೆಗೆ ಹೇಳಿದ್ದರು.

ಗುಂಡ್ಲುಪೇಟೆಯ ಆಚೆಯ ಕಾಡಿನ ರಸ್ತೆಯನ್ನು ಈಗ ರಾತ್ರಿ ಮುಚ್ಚುತ್ತಾರೆ. ಆಗ ಮದ್ದೂರಿನ ಚೆಕ್‌ಪೋಸ್ಟಿನಲ್ಲಿ ಕಾವಲಿನವರು ಕಂಬಳಿಯೊಳಗಿಂದಲೇ ಕೈಬೀಸಿ ಬಿಟ್ಟರು. ಮೂಲೆಹೊಳೆಯ ಹತ್ತಿರ ಮೂರು ಆನೆ ರಸ್ತೆ ದಾಟುತ್ತಿದ್ದವು. ನಮ್ಮವರು ಎಂಜಿನ್ ಆರಿಸಿ ಕಾದರು. ಬೆಳಕು ಹರಿಯುವಾಗ ಬತ್ತೇರಿ, ಬಿಸಿಲು ಬರುವಾಗ ಘಾಟಿ ಶುರುವಾಗುವ ಲಕ್ಕಿಡಿ. ಘಾಟಿಯ ಒಂಬತ್ತು ತಿರುವುಗಳಲ್ಲಿ ನನಗೆ ಹೊಟ್ಟೆ ತೊಳಸಿ ಎರಡು ಸಲ ಜೀಪು ನಿಲ್ಲಿಸಬೇಕಾಯಿತು. ಅತ್ತೆಗೆ ಏನೂ ಆಗಲಿಲ್ಲ. ನನ್ನ ಬೆನ್ನು ನೀವುತ್ತಾ, “ಪ್ಯಾಟೆ ಒಟ್ಟೆ” ಎಂದು ಕನಿಕರಿಸಿದರು.

ಕಲ್ಲಿಕೋಟೆಯಲ್ಲಿ ಕಡಲು ಸಿಕ್ಕಿತು. ನಾನೂ ಮೊದಲ ಸಲ ನೋಡುತ್ತಿದ್ದೆ. ಚಪ್ಪಟೆ ಮರಳು, ಸಣ್ಣ ಅಲೆ, ಒಂದಷ್ಟು ದೋಣಿ. ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

“ಕಬಿನಿ ಡ್ಯಾಮು ತುಂಬ್ದಂಗದೆ” ಅಂದರು.

“ಅವ್ವ, ಇದ್ರ ಆ ಕಡೆ ದಡನೇ ಇಲ್ಲ ಕಣ” ಎಂದು ನಮ್ಮವರು ಗೋಗರೆದರು.

“ಇದ್ದದು ಬುಡ್ಲಾ, ನಮ್ಗ್ ಕಾಣಲ್ಲ.”

ಹತ್ತು ಗಂಟೆಗೆ ಎಸ್ಟಿಡಿ ಬೂತಿನಲ್ಲಿ ಫೋನು. ಗಾಜಿನ ಗೂಡಿನೊಳಗೆ ಅತ್ತೆ ರಿಸೀವರನ್ನು ಎರಡು ಕೈಯಲ್ಲಿ ಹಿಡಿದು, ಊರಿಗೇ ಕೇಳುವಂತೆ ಕೂಗಿ ಮಾತಾಡಿದರು. ಮಾವ ಹೇಳಿದ್ದಿಷ್ಟು: ಒಳಗೆ ಸದ್ದಿಲ್ಲ, ಹುಳು ಮಲಗಿವೆ. ಬಾಗಿಲು ತೆಗೆದಿಲ್ಲ. ಅವರ ಮುಖ ಹಗುರಾಯಿತು. “ನಡಿ ಓಗನ” ಅಂದರು.

ಬಡಗಣ ದಿಕ್ಕಿಗೆ ಹೊರಟ ಮೇಲೆ ರಸ್ತೆ ಕಡಲಿನ ಜೊತೆ ಕಣ್ಣಾಮುಚ್ಚಾಲೆ ಆಡತೊಡಗಿತು. ತೆಂಗಿನ ಸಾಲು, ಮನೆ, ಸೇತುವೆ, ಮತ್ತೆ ಇದ್ದಕ್ಕಿದ್ದಂತೆ ಎಡಕ್ಕೆ ನೀಲಿ. ವಡಗರ ದಾಟಿದ ಮೇಲೆ ನಮ್ಮವರು ಒಂದು ಮಣ್ಣಿನ ದಾರಿಗೆ ಜೀಪು ಇಳಿಸಿದರು. ಅಲ್ಲಿ ಮರಳಿರಲಿಲ್ಲ. ಬರೀ ಬಂಡೆ. ಕಪ್ಪು ಬಂಡೆ, ಅದರ ಹಿಂದೆ ಕೆಂಪು ಮುರಕಲ್ಲಿನ ಕಡಿದಾದ ದಿಬ್ಬ, ಕೊರೆದು ಕೊರೆದು ಗವಿಯಾದ ಕಲ್ಲು. ಅಲೆ ದೂರದಿಂದ ಸುಮ್ಮನೆ ಬಂದು, ಹತ್ತಿರ ಬಂದು, ಬಂಡೆಗೆ ಬಡಿದು ಎರಡಾಳು ಎತ್ತರಕ್ಕೆ ಬಿಳಿಯಾಗಿ ಏಳುತ್ತಿತ್ತು. ನೆಲ ಅದುರುವುದು ಚಪ್ಪಲಿಯ ಮೂಲಕವೂ ತಿಳಿಯುತ್ತಿತ್ತು.

ಅತ್ತೆ ಸೆರಗು ಬಿಗಿದು, ಚಪ್ಪಲಿ ಬಿಟ್ಟು, ಬಂಡೆಯಿಂದ ಬಂಡೆಗೆ ದಾಟುತ್ತಾ ಹೊರಟೇಬಿಟ್ಟರು. ನಮ್ಮವರು “ಅವ್ವಾ, ಜಾರ್ತದೆ” ಎಂದು ಕಿರುಚಿದ್ದು ಗಾಳಿಗೆ ಹೋಯಿತು. ತುದಿಯಲ್ಲಿ ನಿಂತು ಸೊಂಟದ ಚೀಲದಿಂದ ಎರಡು ವೀಳ್ಯದೆಲೆ, ಅರಿಶಿನದ ಕೊಂಬು ತೆಗೆದು ನೀರಿಗೆ ಬಿಟ್ಟರು. ಮರುಗಳಿಗೆಯೇ ಅಲೆಯೊಂದು ಬಂದು ಅವರನ್ನು ತಲೆಯಿಂದ ಕಾಲಿನವರೆಗೆ ನೆನೆಸಿತು. ಅತ್ತೆ ತಿರುಗಿ ನೋಡಿದರು. ವಿಭೂತಿ ಕರಗಿ ಮುಖವೆಲ್ಲ ಬಿಳಿ ಗೆರೆ. ನಗುತ್ತಿದ್ದರು. ಎರಡು ವರ್ಷದಲ್ಲಿ ಅವರ ದವಡೆ ಹಲ್ಲುಗಳನ್ನು ನಾನು ಕಂಡದ್ದು ಅದೇ ಮೊದಲು.

ಅಲೆ ಹಿಂದೆ ಸರಿಯುವಾಗ ಬಂಡೆಯ ಸಂದಿನ ಗುಂಡುಕಲ್ಲುಗಳು ಉರುಳಿ ಸರಸರ ಸದ್ದಾಗುತ್ತಿತ್ತು. ಅತ್ತೆ ಅದನ್ನು ಬಹಳ ಹೊತ್ತು ಕೇಳಿದರು. “ಉಳ ಸೊಪ್ಪು ತಿಂದಂಗೆ ಸದ್ದು ಕಣಮ್ಮಿ” ಅಂದರು. ಅಲ್ಲೇ ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಹುಳಿಯನ್ನ ಅಷ್ಟು ರುಚಿಯಾಗಿ ಮತ್ತೆಂದೂ ತಿಂದಿಲ್ಲ.

ಮಾಹೆಯಲ್ಲಿ ರಸ್ತೆಯ ಎರಡೂ ಕಡೆ ಬರೀ ಮದ್ಯದ ಬಾಟಲಿ ಅಂಗಡಿ. “ಇದ್ಯಾವ್ ದೇವ್ರೂರ್ಲಾ, ಇಷ್ಟೊಂದ್ ತೀರ್ಥ?” ಎಂದು ಅತ್ತೆ ಮಗನನ್ನು ಕೆಣಕಿದರು. ಒದ್ದೆ ಸೀರೆ ಗಾಳಿಗೇ ಒಣಗುತ್ತಿತ್ತು. ಎರಡು ಗಂಟೆಗೆ ಸರಿಯಾಗಿ ತಲಶ್ಶೇರಿ. ಬಲಕ್ಕೆ ಘಾಟಿಯ ದಾರಿ, ನೇರಕ್ಕೆ ಕಣ್ಣೂರಿನ ದಾರಿ. ಆ ಕೂಡುರಸ್ತೆಯಲ್ಲೇ ಒಂದು ಬೂತು.

ಈ ಸಲ ಅತ್ತೆ ಕೂಗಲಿಲ್ಲ. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲವಾದ್ದರಿಂದ ಅವರ ಕಡೆಯ ಮಾತಷ್ಟೂ ನನಗೆ ಕೇಳಿಸಿತು. “ಊಂ... ಊಂ...” ಆಮೇಲೆ ಸ್ವಲ್ಪ ಸುಮ್ಮನಿದ್ದು, “ಇಡೀದು. ಕತ್ತರ್ಸೋದ್ ಬ್ಯಾಡ.” ಮತ್ತೆ ಸುಮ್ಮನಿದ್ದು, “ಊಂ. ಆಯ್ತು. ಊಟ ಮಾಡುದ್ರಾ?” ರಿಸೀವರ್ ಇಟ್ಟ ಮೇಲೂ ಅದರ ಮೇಲಿಟ್ಟ ಕೈ ತೆಗೆಯದೆ ನಿಂತಿದ್ದರು. ಹೊರಗೆ ಕಾಯುತ್ತಿದ್ದವನೊಬ್ಬ ಮಲಯಾಳದಲ್ಲಿ ಗೊಣಗಿದ.

“ಏನಂತೆ ಅತ್ತೆ?”

“ಮಲ್ಗವಂತೆ.”

ಜೀಪಿನ ಹತ್ತಿರ ಬಂದು ಅವರು ಹತ್ತಲಿಲ್ಲ. ನೇರ ರಸ್ತೆಯ ಕಡೆ ಗಲ್ಲ ತೋರಿಸಿ ಮಗನನ್ನು ಕೇಳಿದರು, “ಇದು ಎಲ್ಲಿಗಂಟ ಓಯ್ತದೆ?”

“ಕಣ್ಣೂರು, ಕಾಸರಗೋಡು, ಮಂಗ್ಳೂರು. ಅಂಗೇ ಓಯ್ತಾನೇ ಇರ್ತದೆ ಕಣವ್ವ.”

“ಕಡ್ಲು?”

“ಅದೂ ಜೊತೇಲೇ ಬತ್ತದೆ.”

“ಅಂಗಾರೆ ನಡಿ. ನಾಳಿಕ್ ಓಗನ ಮನೆಗೆ. ಏಳದು ಇನ್ನೂ ತಡ ಆಯ್ತದಂತೆ.”

ನಮ್ಮವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮೂವತ್ತು ವರ್ಷ ಹೊರಗೆ ತಂಗದ ಹೆಂಗಸು! ನನ್ನ ಖುಷಿಗೆ ಮಿತಿ ಇರಲಿಲ್ಲ. ನಾನು ಮುಂದೆ ನಿಂತು ಕರೆದುಕೊಂಡು ಬಂದದ್ದಕ್ಕೆ ಇಷ್ಟಾದರೂ ಆಯಿತಲ್ಲ ಎಂದು ಬೀಗಿದೆ. ಸುಳ್ಳೇಕೆ ಹೇಳಲಿ, ಊರಿಗೆ ಹೋಗಿ ಯಾರ್ಯಾರ ಮುಂದೆ ಇದನ್ನು ಹೇಳಬೇಕೆಂದು ಆಗಲೇ ಯೋಚಿಸುತ್ತಿದ್ದೆ.

ತಲಶ್ಶೇರಿಯಿಂದ ಮುಂದೆ ಗಟ್ಟಿ ಮರಳಿನ ಒಂದು ತೀರವಿದೆ, ಅಲ್ಲಿ ಗಾಡಿ ಓಡಿಸಬಹುದು. ನಮ್ಮವರು ಅಲೆಯ ಅಂಚಿನಲ್ಲೇ ಜೀಪು ಬಿಟ್ಟರು. ಚಕ್ರದಿಂದ ನೀರು ಎರಡೂ ಕಡೆ ರೆಕ್ಕೆಯಂತೆ ಚಿಮ್ಮಿತು. ಅತ್ತೆ “ಇನ್ನೂ ಜೋರು, ಇನ್ನೂ ಜೋರು” ಎನ್ನುತ್ತಿದ್ದರು. ಸಂಜೆ ಕಣ್ಣೂರಿನ ಕೆಂಪು ದಿಬ್ಬದ ಮೇಲೆ ಹುಲ್ಲಿನಲ್ಲಿ ಕೂತೆವು. ಕೆಳಗೆ, ನಮ್ಮ ಕಾಲಿನಡಿಗೇ ಎನ್ನುವಷ್ಟು ಹತ್ತಿರ, ನೀರು ಕಲ್ಲಿನೊಂದಿಗೆ ಗುದ್ದಾಡುತ್ತಿತ್ತು. ಸೂರ್ಯ ಮುಳುಗಿದ. ಕತ್ತಲಾಗುವ ತನಕ ಅತ್ತೆ ಏಳಲೇ ಇಲ್ಲ. ತಾವು ಹುಡುಗಿಯಾಗಿದ್ದಾಗ ಪುಣಜನೂರಿನ ಕಾಡಿನಂಚಿನಲ್ಲಿ ದನ ಮೇಯಿಸುತ್ತಿದ್ದದ್ದು, ಒಂದು ದಿನ ದನ ಬಿಟ್ಟು ತಮಿಳು ಸೀಮೆಯ ಲಾರಿಗಳು ಬರುವ ರಸ್ತೆಯಲ್ಲಿ ಸುಮ್ಮನೆ ನಡೆದುಕೊಂಡು ಎಲ್ಲಿಯವರೆಗೋ ಹೋಗಿ, ಅಪ್ಪನ ಕೈಯಲ್ಲಿ ಏಟು ತಿಂದದ್ದು, ಎಲ್ಲ ಹೇಳಿದರು. “ಆ ರಸ್ತೆ ಎಲ್ಲಿಗ್ ಓಯ್ತದೋ ನೋಡ್ಬೇಕು ಅನ್ಸಿತ್ತು” ಅಂದರು. ಅತ್ತೆಗೂ ಒಂದು ಹುಡುಗುತನವಿತ್ತು ಎಂದು ನನಗೆ ಹೊಳೆದದ್ದೇ ಆಗ. ನಾಚಿಕೆಯಾಯಿತು.

ಬೆಳಿಗ್ಗೆ ಲಾಡ್ಜಿನಲ್ಲಿ ಮಿಂದು ಪೂಜೆ ಮುಗಿಸಿ ಅತ್ತೆ ಮತ್ತೊಮ್ಮೆ ದಿಬ್ಬಕ್ಕೆ ಕರೆದುಕೊಂಡು ಹೋಗು ಅಂದರು. ನಮ್ಮವರು ಊರಿಗೆ ಫೋನು ಮಾಡೋಣವಾ ಎಂದು ಕೇಳಿದಾಗ, “ಬ್ಯಾಡ ಬುಡು” ಎಂದಷ್ಟೇ ಹೇಳಿದರು. ಬಂಡೆ, ಅಲೆ, ದೂರದ ಹಡಗು, ಎಲ್ಲವನ್ನೂ ಒಂದು ಕಡೆಯಿಂದ ಮತ್ತೊಂದು ಕಡೆಯವರೆಗೆ ಕ್ರಮವಾಗಿ ನೋಡಿದರು. ಆಮೇಲೆ ತಾವೇ ಹೋಗಿ ಜೀಪಿನಲ್ಲಿ ಕೂತರು. ಘಾಟಿ ಹತ್ತುವಾಗ ನಿದ್ದೆ ಹೋದರು. ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚದ ಹೆಂಗಸು ಗುಂಡ್ಲುಪೇಟೆಯವರೆಗೂ ಗೊರಕೆ ಹೊಡೆದರು.

ಮೂರು ಗಂಟೆಯ ಬಿಸಿಲಿನಲ್ಲಿ ಮನೆ ಮುಂದೆ ಇಳಿದಾಗ ಮಾವ ಹುಳುಮನೆಯ ಹೊಸಿಲಲ್ಲಿ ಕೂತಿದ್ದರು. ಅಂಗೈಯಿಂದ ಮೊಣಕೈಯವರೆಗೆ ಸೊಪ್ಪಿನ ಹಸಿರು, ತಲೆಯ ಮೇಲೆ ಸುಣ್ಣದ ಪುಡಿ, ಕಣ್ಣು ಕೆಂಡದಂತೆ. ಅತ್ತೆ ಜೀಪಿನಿಂದ ಇಳಿಯುವ ಮೊದಲೇ ಅವರು ಹೇಳಿಬಿಟ್ಟರು.

“ನೆನ್ನೆ ಮಧ್ಯಾನನೇ ಎದ್ಬುಟ್ಟೊ. ಮೊದ್ಲ್ ಫೋನ್ ಮಾಡುದ್ಯಲ್ಲ, ಆಮೇಲೆ ಬಾಗ್ಲು ತಗ್ದೆ. ಚಳಿ ಆಯ್ತದೆ ಪಾಪ ಅಂತ ಒಳಕ್ಕೆ ಕೆಂಡ ಮಡಗ್ದೆ. ಬೆಚ್ಚಗಾಗಿ ಏಳಕ್ ಸುರು ಮಾಡ್ಕಂಡೊ. ತಲೆ ಎತ್ಕಂಡ್ ನೋಡ್ತಿದ್ದೊ. ಅಸ್ಕೊಂಡವೆ ಅಂತ ಸೊಪ್ಪು ಆಕ್ಬುಟ್ಟೆ.”

ಕೆಂಡ ಇಟ್ಟದ್ದೂ ಕನಿಕರಕ್ಕೆ, ಸೊಪ್ಪು ಹಾಕಿದ್ದೂ ಕನಿಕರಕ್ಕೆ. ಒಳಗೆ ಹೋಗಿ ನೋಡಿದೆವು. ಒಂದೇ ತಟ್ಟೆಯಲ್ಲಿ ಬೆರಳು ಗಾತ್ರದವು, ಕಡ್ಡಿ ಗಾತ್ರದವು, ಬಾಡಿದ ಸೊಪ್ಪಿನಡಿ ಇನ್ನೂ ಜ್ವರದಲ್ಲೇ ಉಸಿರುಗಟ್ಟಿ ಸತ್ತವು. ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು ಮಾವನವರ ಮೇಲೆ ಹರಿಹಾಯ್ದೆ. ಎರಡು ಗಂಟೆಗೆ ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಅಲ್ಲಿಂದಲೇ ತಿರುಗಿ ಬರುತ್ತಿದ್ದೆವಲ್ಲ, ಅರ್ಧವಾದರೂ ಉಳಿಯುತ್ತಿತ್ತಲ್ಲ, ಯಾಕೆ ಸುಳ್ಳು ಹೇಳಿದಿರಿ ಎಂದೆ.

ಮಾವ ನನ್ನನ್ನು ನೋಡಲಿಲ್ಲ. ಹಸಿರು ಕೈಗಳನ್ನೇ ನೋಡುತ್ತಾ, “ಯೋಳಿದ್ರೆ ತಿರೀಕಂಡ್ ಬಂದ್ಬುಡ್ತಿದ್ಲು ಕಣಮ್ಮಿ. ಅದ್ಕೇ ಯೋಳ್ನಿಲ್ಲ” ಅಂದರು. ಎರಡು ವರ್ಷದಿಂದ ಆ ಮನುಷ್ಯನನ್ನು ಕಲ್ಲೆಂದು ತಿಳಿದಿದ್ದೆ.

ಅತ್ತೆ ಸೆರಗು ಸಿಕ್ಕಿಸಿ, ಸುಣ್ಣದ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದರು. ನಾನೂ ಹಿಂದೆ ಹೋದೆ. ಬಾಗಿಲು ಮುಂದಕ್ಕೆಳೆದುಕೊಂಡು ಇಬ್ಬರೂ ದೊಡ್ಡವನ್ನೂ ಸಣ್ಣವನ್ನೂ ಬೇರೆ ಬೇರೆ ತಟ್ಟೆಗೆ ಆರಿಸತೊಡಗಿದೆವು. ಎಷ್ಟು ಆರಿಸಿದರೂ ಆ ಬೆಳೆಯಲ್ಲಿ ಕೊನೆಗೆ ಬಂದದ್ದು ಅರ್ಧ ಗೂಡು. ಕೆಲಸ ನಡೆದಿರುವಾಗ ನನಗೆ ಫೋನಿನ ಮಾತು ನೆನಪಾಯಿತು.

“ಅತ್ತೆ, ಇಡೀದು, ಕತ್ತರಿಸೋದು ಬೇಡ ಅಂದ್ರಲ್ಲ. ಏನದು?”

“ಸೊಪ್ಪು ಕತ್ತರ್ಸಿ ಆಕ್ಲಾ, ಇಡೀದ್ ಆಕ್ಲಾ ಅಂತ ಕೇಳುದ್ರು.” ಅವರ ಬೆರಳು ನಿಲ್ಲಲಿಲ್ಲ. “ಎದ್ಮೇಲೆ ಆಕಕ್ಕೆ ಈಗ್ಲೇ ಕೇಳ್ಕತಿವ್ನಿ ಅಂದ್ರು. ಮಲ್ಗಿರೋ ಉಳುಕ್ಕೆ ಯಾರಾದ್ರೂ ಸೊಪ್ಪಿನ್ ಮಾತಾಡ್ತಾರಾ? ಅವ್ರಿಗೆ ಸುಳ್ ಯೋಳಕ್ಕೂ ಬರಲ್ಲ.”

“ಹಾಗಾದ್ರೆ ನಿಮಗೆ ಅಲ್ಲೇ ಗೊತ್ತಾಗಿತ್ತಾ? ಎದ್ದಿವೆ ಅಂತ?”

“ಊಂ.”

“ಮತ್ತೆ ಯಾಕತ್ತೆ ಮುಂದಕ್ಕೆ ಹೋದ್ರಿ?”

ಅವರು ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಸತ್ತಿತ್ತು. ಪಕ್ಕಕ್ಕೆ ಹಾಕಿದರು.

“ಮೂವತ್ತೊರ್ಸ ಇವು ಎದ್ದಾಗೆಲ್ಲ ನಾನು ಇಲ್ಲೇ ಇದ್ದೆ ಕಣಮ್ಮಿ. ಒಂದ್ಸಲ ಇವು ನಂಗೆ ಕಾಯ್ಲಿ ಅನ್ಕಂಡೆ. ನಿಮ್ ಮಾವಂಗೆ ಯೋಳ್ಬ್ಯಾಡ. ಸುಳ್ ಯೋಳಿ ಕಳಿಸ್ದೆ ಅಂತ ಅವ್ರಿಗೊಂದ್ ಸಮಾಧಾನ ಅದೆ, ಇರ್ಲಿ.”

ನಾನು ಕರೆದುಕೊಂಡು ಹೋದೆ ಎಂದುಕೊಂಡಿದ್ದೆ. ಆ ಕೂಡುರಸ್ತೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ಒಂದು ಹೆಂಗಸು ಏನನ್ನು ಬಿಟ್ಟು ಏನನ್ನು ಹಿಡಿದಳೆಂಬುದು ನನಗೆ ತಿಳಿದಿರಲೇ ಇಲ್ಲ. ನನಗೆ ಅಳು ಒತ್ತರಿಸಿಕೊಂಡು ಬಂತು. ಕೈ ಹುಳುಗಳ ನಡುವೆ ಇದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಅತ್ತೆ ತಟ್ಟೆಯನ್ನು ಸರಕ್ಕನೆ ತಮ್ಮ ಕಡೆ ಎಳೆದುಕೊಂಡರು.

“ಆಚ್ಗೋಗಿ ಅತ್ಕೊಂಡ್ ಬಾ ಓಗು” ಎಂದು ಗದರಿದರು. “ಉಳುಕ್ಕೆ ಉಪ್ಪಾಗಲ್ಲ.”